ಈ ಚಳಿಗಾಲ ಸ್ಕ್ಯಾಂಡಿನೇವಿಯನ್ ಕಪ್ ಕೂಡ ನೋಡೋಣ

ಎಲ್ಲರಿಗೂ ನಮಸ್ಕಾರ.

ನಮ್ಮ ಗುಂಪಿನಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ (ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಏರು, ಇಳಿಜಾರು ದಾಟಿ ದೂರ ಸಾಗುವ ರೇಸ್) ಅಂದರೆ ವರ್ಲ್ಡ್ ಕಪ್ ಸುದ್ದಿಯೇ ಜಾಸ್ತಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಕಾಂಟಿನೆಂಟಲ್ ಕಪ್‌ಗಳಿವೆ. ಉತ್ತರ ಯುರೋಪಿಗೆ ಸ್ಕ್ಯಾಂಡಿನೇವಿಯನ್ ಕಪ್, ಜಪಾನ್, ಕೊರಿಯಾ ಕಡೆಗೆ ಫಾರ್ ಈಸ್ಟ್ ಕಪ್, ಹೀಗೆ. ಈ ಸಲ ಸ್ಕ್ಯಾಂಡಿನೇವಿಯನ್ ಕಪ್ ಮೇಲೂ ಕಣ್ಣಿಡಿ ಅಂತ ಕೇಳಿಕೊಳ್ಳುತ್ತೇನೆ.

ಕಾರಣ ಇದೆ. ನಾರ್ವೆಯಲ್ಲಿ ಒಳ್ಳೆಯ ಸ್ಕೀಯರ್‌ಗಳು ಎಷ್ಟೊಂದು ಜನ ಅಂದರೆ, ವರ್ಲ್ಡ್ ಕಪ್ ತಂಡದಲ್ಲಿ ಎಲ್ಲರಿಗೂ ಜಾಗ ಸಿಗುವುದಿಲ್ಲ. ಉಳಿದವರು ಇಲ್ಲಿಗೆ ಬರುತ್ತಾರೆ. ಇಲ್ಲಿ ಅಂಕಪಟ್ಟಿಯ ಮೊದಲ ಸ್ಥಾನದಲ್ಲಿದ್ದವರಿಗೆ ವರ್ಲ್ಡ್ ಕಪ್‌ನ ಮುಂದಿನ ಹಂತದಲ್ಲಿ ಸ್ವಂತ ಸೀಟು ಸಿಗುತ್ತದೆ. ಅದು ದೇಶದ ಕೋಟಾದಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಪೈಪೋಟಿ ಜೋರು.

ಕ್ಲಾಸಿಕ್ ರೇಸಿನಲ್ಲಿ (ಎರಡೂ ಸ್ಕೀಗಳನ್ನು ನೇರವಾಗಿ ಮುಂದಕ್ಕೆ ಜಾರಿಸುವ ಶೈಲಿ) ಏರು ಬಂದಾಗ ಪಾದದ ಕೆಳಗೆ ಗಮನಿಸಿ. ಸ್ಕೀಯ ನಡುಭಾಗಕ್ಕೆ ಹಿಡಿತದ ವ್ಯಾಕ್ಸ್ ಹಚ್ಚಿರುತ್ತಾರೆ. ಒತ್ತಿದಾಗ ಅದು ಹಿಮಕ್ಕೆ ಅಂಟಬೇಕು, ಬಿಟ್ಟಾಗ ಜಾರಬೇಕು. ವ್ಯಾಕ್ಸ್ ಕೈಕೊಟ್ಟರೆ ಕಾಲು ಹಿಂದಕ್ಕೆ ಜಾರುತ್ತದೆ, ಪಾಪ, ತೋಳಿನ ಬಲದಲ್ಲೇ ಹತ್ತಬೇಕು.

ನಮ್ಮ ಕೊಡಗಿನ ಸ್ಕೀಯರ್ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯ 5 ಕಿ.ಮೀ. ರೇಸಿನಲ್ಲಿ ಕಂಚು ಗೆದ್ದರಲ್ವಾ? ಅದೂ ವರ್ಲ್ಡ್ ಕಪ್ ಅಲ್ಲ. ಹಾಗಾಗಿ ದೊಡ್ಡ ಹೆಸರಿನವರು ಇಲ್ಲದ ರೇಸ್ ಅಂತ ಸುಮ್ನೆ ಬದಿಗಿಡಬೇಡಿ.

ನಾರ್ವೆಯ ಚಳಿಗಾಲದ ಸಮಯಕ್ಕೆ ನಾಲ್ಕೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಫಲಿತಾಂಶ ಹಾಕುವಾಗ ದೂರ ಎಷ್ಟು, ಕ್ಲಾಸಿಕ್ಕೋ ಫ್ರೀಸ್ಟೈಲೋ (ಸ್ಕೇಟಿಂಗ್‌ನ ಹಾಗೆ ಪಕ್ಕಕ್ಕೆ ತಳ್ಳುತ್ತಾ ಸಾಗುವ ಶೈಲಿ) ಅಂತ ಜೊತೆಗೇ ಬರೆಯಿರಿ.