ಮೊದಲು ವಿಳಾಸ, ಆಮೇಲೆ ಉಪ್ಪಿನಕಾಯಿ

ಸಂಪಾದಕರಿಗೆ,

ಮಾನ್ಯರೇ,

ಜರ್ಮನಿಗೆ ಓದಲು ಹೋಗುವವರ ಬಗ್ಗೆ ನಮ್ಮ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಬರುವ ಬರಹಗಳು ಬಹುಪಾಲು ವೀಸಾ ಕೈಗೆ ಸಿಗುವಲ್ಲಿಗೆ ಮುಗಿಯುತ್ತವೆ. ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿಗಳು ಅಸಲಿ ಎನ್ನುವ ಜರ್ಮನ್ ದೃಢೀಕರಣ), ಬ್ಲಾಕ್ಡ್ ಅಕೌಂಟ್ (ಖರ್ಚಿನ ಹಣವನ್ನು ಮುಂಚೆಯೇ ಇಟ್ಟು ತಿಂಗಳಿಗಿಷ್ಟು ಎಂದು ತೆಗೆಯುವ ಖಾತೆ), ಬ್ಯಾಂಕ್ ಸಾಲ ಇವುಗಳ ಬಗ್ಗೆ ಕನ್ಸಲ್ಟೆನ್ಸಿಯವರೂ ಗಂಟೆಗಟ್ಟಲೆ ಹೇಳುತ್ತಾರೆ. ಬರ್ಲಿನ್‌ನಲ್ಲಿ ಇಳಿದ ಮೇಲಿನ ಆರು ವಾರಗಳ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಮಕ್ಕಳು ಎಡವುವುದು ಅಲ್ಲೇ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುವುದರಿಂದ ಸೆಪ್ಟೆಂಬರ್‌ನಲ್ಲಿ ವಿಮಾನ ಹತ್ತುವವರೇ ಹೆಚ್ಚು. ಅವರ ಮನೆಯವರಿಗಾಗಿ ಈ ಪತ್ರ.

ಅಲ್ಲಿ ಎಲ್ಲಕ್ಕೂ ಬುಡ ಎಂದರೆ ನೋಂದಾಯಿತ ವಿಳಾಸ. ಮನೆ ಸೇರಿದ ಎರಡು ವಾರದೊಳಗೆ ಬ್ಯೂರ್ಗರ್‌ಆಮ್ಟ್ ಎಂಬ ನಾಗರಿಕ ಸೇವಾ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟ್ ಮತ್ತು ತುಂಬಿದ ಫಾರಂ ಜೊತೆಗೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ಪುಟದ ದೃಢೀಕರಣವೂ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು, ಆ ಪುಟ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಉಸಿರು ಹಿಡಿದು ಒಮ್ಮೆ ಓದಿಕೊಳ್ಳಿ, ಮಾಲೀಕರ ಹತ್ತಿರ ಕೇಳುವಾಗ ಈ ಪದವೇ ಬೇಕಾಗುತ್ತದೆ.

ಈ ನೋಂದಣಿಯಾದ ಮೇಲೆಯೇ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು, ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಪಾರ್ಟ್‌ಟೈಮ್ ಕೆಲಸ ಕೊಡುವವರು ಕೇಳುವುದು ಆ ಸಂಖ್ಯೆಯನ್ನು. ಹಲವು ಬ್ಯಾಂಕುಗಳು ಖಾತೆ ತೆರೆಯಲು ನೋಂದಣಿ ಚೀಟಿ ಕೇಳುತ್ತವೆ. ವೀಸಾ ಅವಧಿ ಮುಗಿಯುವ ಮೊದಲೇ ಹಾಕಬೇಕಾದ ವಾಸ ಪರವಾನಗಿ ಅರ್ಜಿಗೂ ಅದೇ ಬೇಕು.

ಹೀಗಿರುವಾಗ, ಬಾಡಿಗೆ ಕಡಿಮೆ ಎಂದು ‘ಅನ್‌ಮೆಲ್ಡುಂಗ್ ಇಲ್ಲ’ ಎಂದು ಬರೆದ ರೂಮನ್ನು ಹಿಡಿಯುವುದು ಮೊದಲ ದೊಡ್ಡ ತಪ್ಪು. ಇಂಥ ರೂಮುಗಳು ಎಷ್ಟೋ ಸಲ ಮಾಲೀಕರಿಗೆ ತಿಳಿಸದೆ ಒಳಬಾಡಿಗೆಗೆ ಕೊಟ್ಟವು, ಹಾಗಾಗಿ ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ. ಪ್ರವಾಸಿಗರ ಹಾಸ್ಟೆಲ್ಲು, ರೂಮುಗಳಲ್ಲೂ ಸಾಮಾನ್ಯವಾಗಿ ಈ ಸಹಿ ಸಿಗದು. ವಿದ್ಯಾರ್ಥಿ ನಿಲಯದ ಸರದಿ ಬರ್ಲಿನ್‌ನಲ್ಲಿ ಬಹಳ ಉದ್ದ. ಪ್ರವೇಶ ಖಾತ್ರಿಯಾದ ದಿನವೇ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಖರ್ಚು ಸ್ವಲ್ಪ ಹೆಚ್ಚಾದರೂ ಮೊದಲ ಮೂರು ತಿಂಗಳಿಗೆ, ನೋಂದಣಿ ಮಾಡಿಕೊಡುತ್ತೇವೆ ಎಂದು ಬರಹದಲ್ಲಿ ಒಪ್ಪಿದ ಜಾಗವನ್ನೇ ಹಿಡಿಯಿರಿ. ದುಬಾರಿ ಜಾಕೆಟ್ಟಿಗೆ ಹಾಕುವ ದುಡ್ಡನ್ನು ಇಲ್ಲಿಗೆ ಹಾಕಿದರೆ ಲಾಭ.

ಮಾಲೀಕರು ವಿದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಕೀಲಿಕೈ ಕೊರಿಯರ್‌ನಲ್ಲಿ ಬರುತ್ತದೆ ಎಂದರೆ ಮೋಸವೆಂದೇ ತಿಳಿಯಿರಿ. ನಮ್ಮ ಅಡ್ವಾನ್ಸ್‌ಗೆ ಅಲ್ಲಿ ಕೌಟ್ಸಿಯೋನ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರು ನಾಲ್ಕು ತಿಂಗಳದ್ದು ಕೇಳಿದರೂ ಖುಷಿಯಾಗಿ ಕೊಟ್ಟುಬಿಡುತ್ತಾರೆ. ಕಾನೂನಿನ ಮಿತಿ ಮೂರು ತಿಂಗಳ ‘ತಣ್ಣನೆ ಬಾಡಿಗೆ’, ಅದನ್ನೂ ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ತಣ್ಣನೆಯದು ಎಂದರೆ ಬರೀ ಜಾಗದ ಬಾಡಿಗೆ. ಹೀಟಿಂಗ್, ನೀರು, ಕಸ ಸೇರಿದರೆ ಅದು ‘ಬಿಸಿ ಬಾಡಿಗೆ’. ಕರೆಂಟು, ಇಂಟರ್‌ನೆಟ್ಟು ಅದರಲ್ಲೂ ಸೇರದಿರಬಹುದು, ಕೇಳಿಕೊಳ್ಳಿ.

ಬ್ಯೂರ್ಗರ್‌ಆಮ್ಟ್‌ನ ಅಪಾಯಿಂಟ್‌ಮೆಂಟ್ ಸಿಗುವುದೂ ಬರ್ಲಿನ್‌ನಲ್ಲಿ ಒಂದು ಸಾಹಸವೇ. ತಮ್ಮ ಬಡಾವಣೆಯ ಕಚೇರಿಗೇ ಹೋಗಬೇಕೆಂದಿಲ್ಲ, ನಗರದ ಹನ್ನೆರಡು ಜಿಲ್ಲೆಗಳ ಯಾವ ಕಚೇರಿಯಾದರೂ ಆಗುತ್ತದೆ. ಯಾರೋ ರದ್ದು ಮಾಡಿದ ಜಾಗಗಳು ದಿನವಿಡೀ ತೆರೆಯುತ್ತಿರುತ್ತವೆ, ಬೆಳಿಗ್ಗೆ ಬೇಗ ನೋಡುವುದು ಒಳ್ಳೆಯದು. ದಿನಾಂಕ ಎರಡು ವಾರ ದಾಟಿ ಸಿಕ್ಕರೆ ಗಾಬರಿ ಬೇಡ, ಬುಕ್ ಮಾಡಿದ ಪುರಾವೆ ಇಟ್ಟುಕೊಳ್ಳಿ. ಫಾರಂನಲ್ಲಿ ಧರ್ಮದ ಕಾಲಂ ಒಂದಿದೆ. ಮಂಗಳೂರು ಕಡೆಯ ಕ್ಯಾಥೊಲಿಕ್ ಮಕ್ಕಳು ಇದನ್ನು ಅರ್ಥ ತಿಳಿದು ತುಂಬಲಿ. ಕ್ಯಾಥೊಲಿಕ್ ಎಂದು ದಾಖಲಾದವರು ಮುಂದೆ ಕೆಲಸಕ್ಕೆ ಸೇರಿ ಆದಾಯ ತೆರಿಗೆ ಕಟ್ಟತೊಡಗಿದಾಗ, ಆ ತೆರಿಗೆಯ ಶೇ 9ರಷ್ಟು ಚರ್ಚ್ ತೆರಿಗೆ ಎಂದು ಬರ್ಲಿನ್‌ನಲ್ಲಿ ಬೇರೆಯಾಗಿ ಕಡಿತವಾಗುತ್ತದೆ.

ಇನ್ನು ಅಂಚೆ ಡಬ್ಬಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರ್ ಇರುವುದಿಲ್ಲ. ಕಟ್ಟಡಕ್ಕೆ ನಂಬರ್, ಒಳಗಿನವರಿಗೆ ಹೆಸರು. ಅಂಚೆಯವರು ನೋಡುವುದು ಕೆಳಗಿನ ಡಬ್ಬಿಯ ಮೇಲೆ ಬೆರಳಗಲದ ಪಟ್ಟಿಯಲ್ಲಿ ಬರೆದ ಹೆಸರನ್ನು ಮಾತ್ರ. ಲಕೋಟೆಯ ಹೆಸರು ಅಲ್ಲಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್. ಬ್ಯಾಂಕ್ ಕಾರ್ಡ್ ಒಂದು ಪತ್ರದಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ವಿಮೆಯ ಕಾರ್ಡ್ ಮತ್ತೊಂದರಲ್ಲಿ ಬರುತ್ತವೆ, ಎಲ್ಲವೂ ಈ ಪಟ್ಟಿಯನ್ನೇ ನಂಬಿವೆ. ಇಲ್ಲಿ ನಮ್ಮ ಇನಿಶಿಯಲ್ಲುಗಳ ತಾಪತ್ರಯ ಶುರುವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದ್ದರೆ ಒಂದು ಕಚೇರಿ ಇಡೀ ಹೆಸರನ್ನು ಉಪನಾಮ ಮಾಡುತ್ತದೆ, ಇನ್ನೊಂದು ಅದನ್ನು ಎರಡಾಗಿ ಒಡೆಯುತ್ತದೆ, ವಿಮೆಯವರು ತಂದೆಯ ಹೆಸರಿಗೇ ಕಾರ್ಡ್ ಕಳಿಸುತ್ತಾರೆ. ಆದ್ದರಿಂದ ರೂಮಿಗೆ ಕಾಲಿಟ್ಟ ದಿನವೇ ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆದು, ಟೇಪ್ ಹಾಕಿ ಡಬ್ಬಿಗೂ ಕರೆಗಂಟೆಗೂ ಅಂಟಿಸಬೇಕು. ಬೇರೆಯವರ ಮನೆಯಲ್ಲಿ ಒಂದು ರೂಮಿನಲ್ಲಿದ್ದರೆ ವಿಳಾಸದಲ್ಲಿ ‘ಸಿ/ಒ’ ಹಾಕಿ ಆ ಮನೆಯವರ ಹೆಸರು ಸೇರಿಸಿ. ಮನೆ ಬದಲಿಸಿದಾಗಲೆಲ್ಲ ನೋಂದಣಿಗೂ ಮತ್ತೆ ಎರಡು ವಾರದ ಗಡುವು.

ದುಡ್ಡಿನ ಲೆಕ್ಕ ಹೀಗಿದೆ. ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆಂದು ಇಡಬೇಕಾದ 11,904 ಯೂರೋ ತಿಂಗಳಿಗೆ 992ರಂತೆ ಹೊರಬರುತ್ತದೆ. ಇಳಿದ ದಿನವೇ ಬರುವುದಿಲ್ಲ! ಅಲ್ಲಿ ಚಾಲ್ತಿ ಖಾತೆ ತೆರೆದು, ಅದರ ನಂಬರ್ ಕೊಟ್ಟು, ದಾಖಲೆ ಪರಿಶೀಲನೆ ಮುಗಿದ ಮೇಲೆ ಮೊದಲ ಕಂತು. ಅಷ್ಟರೊಳಗೆ ಬಾಡಿಗೆ, ಕೌಟ್ಸಿಯೋನ್‌ನ ಮೊದಲ ಕಂತು, ಊಟ, ಓಡಾಟ ಎಲ್ಲ ಊರಿನಿಂದಲೇ ಯೂರೋ ತುಂಬಿಸಿ ಒಯ್ದ ಫಾರೆಕ್ಸ್ ಕಾರ್ಡಿನಿಂದಲೇ ಆಗಬೇಕು. ಒಂದೂವರೆ ತಿಂಗಳ ಖರ್ಚನ್ನು ಬ್ಲಾಕ್ಡ್ ಮೊತ್ತದ ಹೊರಗೇ ಇಡುವುದು ಕ್ಷೇಮ.

ಆರೋಗ್ಯ ವಿಮೆಯಲ್ಲಿ ಆಗುವ ತಪ್ಪನ್ನು ಸರಿಪಡಿಸಲು ಸಾಧ್ಯವೇ ಇಲ್ಲ, ಹಾಗಾಗಿ ಇದಕ್ಕೆ ವಿಶೇಷ ಗಮನ ಇರಲಿ. ಮೂವತ್ತರೊಳಗಿನ ವಿದ್ಯಾರ್ಥಿಗೆ ಸಾರ್ವಜನಿಕ ವಿಮೆ ತಿಂಗಳಿಗೆ ಸುಮಾರು 150 ಯೂರೋ. ಅಗ್ಗವಾಗುತ್ತದೆ ಎಂದು ಏಜೆಂಟರು ಖಾಸಗಿ ವಿಮೆ ಮಾರುತ್ತಾರೆ. ಅದಕ್ಕಾಗಿ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದರೆ ಆ ಓದು ಮುಗಿಯುವವರೆಗೂ ವಿದ್ಯಾರ್ಥಿ ದರಕ್ಕೆ ಹಿಂತಿರುಗುವಂತಿಲ್ಲ. ವಿಮಾ ಸಂಸ್ಥೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಮಾಹಿತಿ ಕಳಿಸದೆ ದಾಖಲಾತಿ ಪೂರ್ಣವಾಗದು. ಪ್ರಯಾಣ ವಿಮೆಯ ಕಾಗದ ಅದಕ್ಕೆ ನಡೆಯುವುದಿಲ್ಲ, ಆದರೆ ಸೆಪ್ಟೆಂಬರ್‌ನಲ್ಲಿ ಇಳಿದವರಿಗೆ ಸಾರ್ವಜನಿಕ ವಿಮೆ ಶುರುವಾಗುವ ತನಕ ಅದೂ ಬೇಕು.

ನೋಂದಣಿಯಾದ ಕೆಲ ವಾರಕ್ಕೆ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ. ತಿಂಗಳಿಗೆ 18.36 ಯೂರೋ. ಟಿವಿಯೇ ಇಲ್ಲ, ಇದು ಮೋಸದ ಪತ್ರ ಎಂದು ಹರಿದು ಹಾಕಿದರೆ ಬಾಕಿಯೂ ದಂಡವೂ ಬೆಳೆಯುತ್ತವೆ. ಇದು ತಲೆಗಲ್ಲ, ಮನೆಗೆ. ನಾಲ್ವರು ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಉಳಿದವರು ಅವರ ಶುಲ್ಕದ ನಂಬರ್ ತಿಳಿಸಿದರಾಯಿತು.

ಓಡಾಟಕ್ಕೆ ಸೆಮಿಸ್ಟರ್ ಟಿಕೆಟ್, ಅಂದರೆ ವಿದ್ಯಾರ್ಥಿಗಳ ಬಸ್-ರೈಲು ಪಾಸ್, ನಡೆಯುವುದು ಅಕ್ಟೋಬರ್ 1ರಿಂದ. ಅದಕ್ಕೂ ಮೊದಲು ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರಂನ ಪುಟ್ಟ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಜೇಬಿನಲ್ಲಿದ್ದೂ 60 ಯೂರೋ ದಂಡ. ಶನಿವಾರ ರಾತ್ರಿ ಇಳಿಯುವಂತೆ ವಿಮಾನ ಬುಕ್ ಮಾಡಬೇಡಿ, ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅಂದೂ ಅದೇ ಗತಿ.

ಸೂಟ್‌ಕೇಸಿನ ವಿಷಯದಲ್ಲಿ ಅಮ್ಮಂದಿರಿಗೆ ಬೇಸರದ ಸುದ್ದಿಯಿದೆ. ತುಪ್ಪ, ಪನೀರ್‌ನಂಥ ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಬೇಡದ ಐದು ಹಣ್ಣುಗಳ ಪಟ್ಟಿಯಲ್ಲಿ ಬಾಳೆ, ಅನಾನಸ್, ಖರ್ಜೂರ, ಡುರಿಯನ್ ಜೊತೆ ತೆಂಗಿನಕಾಯಿಯೂ ಇದೆ. ಅಷ್ಟರ ಮಟ್ಟಿಗೆ ಸಮಾಧಾನ! ಸಾರಿನ ಪುಡಿ, ಹುಣಸೆಹಣ್ಣು ಕೊಡಿ. ಎಣ್ಣೆ ಸೋರದಂತೆ ಕಟ್ಟಿದ ಮಾವಿನ ಉಪ್ಪಿನಕಾಯಿಯೂ ಇರಲಿ. ಕುಕ್ಕರ್ ಕೊಡುವುದಾದರೆ ಇಂಡಕ್ಷನ್ ತಳದ ಸ್ಟೀಲಿನದ್ದು. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗುವುದಿಲ್ಲ. ಮನೆಗಳಲ್ಲಿ ಹೊಗೆ ಅಲಾರಂ ಕಡ್ಡಾಯವಾಗಿರುವುದರಿಂದ ಒಣಮೆಣಸಿನಕಾಯಿ ಒಗ್ಗರಣೆಗೆ ಮೊದಲು ಕಿಟಕಿ ತೆಗೆದು, ರೂಮಿನ ಬಾಗಿಲು ಮುಚ್ಚಬೇಕು. ತೆಗೆದುಕೊಳ್ಳುತ್ತಿರುವ ಔಷಧಿ ಇದ್ದರೆ ಇಂಗ್ಲಿಷ್ ಚೀಟಿ ಸಮೇತ ಕಳಿಸಿ, ಆ್ಯಂಟಿಬಯಾಟಿಕ್ ಅಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗದು. ತುರ್ತಿಗೆ 112, ರಾತ್ರಿಹೊತ್ತು ಜ್ವರ ಬಂದರೆ 116117.

ಮನೆಯಲ್ಲಿರುವವರಿಗೆ ಕೊನೆಯದಾಗಿ ಇನ್ನೊಂದು. ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆಯಾಗುತ್ತದೆ. ರಾತ್ರಿ ಒಂಬತ್ತೂವರೆಗೆ ಮಾಡುತ್ತಿದ್ದ ಫೋನನ್ನು ಅಂದಿನಿಂದ ಹತ್ತೂವರೆಗೆ ಮಾಡಿ. ಮೊದಲಿನ ಹೊತ್ತಿಗೇ ಮಾಡಿದರೆ ಮಕ್ಕಳು ಇನ್ನೂ ಕ್ಲಾಸಿನಲ್ಲಿರಬಹುದು.

– ಬರ್ಲಿನ್‌ನ ಕನ್ನಡ ಓದುಗರು