ಸೌಂಡ್ ಚೆಕ್‌ಗೂ ಹಾಲ್ ಕೊಡಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಸಣ್ಣ ಸಭಾಂಗಣವೊಂದರಲ್ಲಿ ನಡೆದ ಬ್ಯಾಂಡ್ ಕಾರ್ಯಕ್ರಮದ ಬಗ್ಗೆ ಮೊನ್ನೆ ಹಿರಿಯರೊಬ್ಬರು ನಿಮ್ಮ ಪತ್ರಿಕೆಗೆ ಬೇಸರದಿಂದ ಬರೆದಿದ್ದರು. ಡ್ರಮ್ಸ್ ಅಬ್ಬರದಲ್ಲಿ ಶರೀಫರ ತತ್ವಪದದ ಒಂದು ಸಾಲೂ ಕೇಳಿಸಲಿಲ್ಲವಂತೆ. ಮಾರನೆಯ ದಿನ ವಾಟ್ಸ್‌ಆ್ಯಪ್‌ನಲ್ಲಿ ಬಂದ ರೆಕಾರ್ಡಿಂಗ್ ಹಾಕಿದರೆ ಅದರಲ್ಲಿ ಡ್ರಮ್ಸೇ ಇಲ್ಲ, ಬರೀ ಗಾಯಕನ ಗಂಟಲು. ‘ಸೌಂಡಿನವರಿಗೆ ಕಿವಿ ಇದೆಯೇ?’ ಎಂದು ಕೇಳಿದ್ದಾರೆ. ಅವತ್ತು ಸೌಂಡ್ ಮಾಡಿದ್ದು ನಾನಲ್ಲ. ಆದರೂ ಅದೇ ಕಸುಬಿನವನಾದ್ದರಿಂದ ಹೇಳುತ್ತೇನೆ: ಹಿರಿಯರು ಹೇಳಿದ ಎರಡೂ ನಿಜ, ಎರಡಕ್ಕೂ ಕಾರಣ ಒಂದೇ.

ನೂರೈವತ್ತು ಕುರ್ಚಿಯ ಹಾಲ್‌ನಲ್ಲಿ ಡ್ರಮ್ಸ್‌ಗೆ ಮೈಕ್ ಬೇಕೇ ಆಗುವುದಿಲ್ಲ. ಸ್ನೇರ್ (ಡ್ರಮ್ಸ್ ಸೆಟ್‌ನ ಚುರುಕು ಸದ್ದಿನ ಡ್ರಮ್) ಮೇಲೆ ಸ್ಟಿಕ್ ಬಿದ್ದರೆ ಕೊನೆಯ ಸಾಲಿನವರೆಗೂ ತಾನಾಗಿ ಹೋಗುತ್ತದೆ. ಎಲ್ಲ ಮೈಕ್‌ಗಳ ಸದ್ದು ಬೆರೆಸುವ ಮಿಕ್ಸರ್‌ನಲ್ಲಿ ನಾನು ಅದರ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಪೂರ್ತಿ ಇಳಿಸಿದರೂ ಸದ್ದು ತಗ್ಗುವುದಿಲ್ಲ, ಯಾಕೆಂದರೆ ಅದು ನನ್ನ ಸ್ಪೀಕರ್‌ನಿಂದ ಬರುತ್ತಲೇ ಇಲ್ಲ. ಗಾಯಕರ ದನಿಯನ್ನು ಅದರ ಮೇಲಕ್ಕೆ ಎತ್ತುವುದೊಂದೇ ದಾರಿ. ಎತ್ತುತ್ತ ಹೋದರೆ ಒಂದು ಹಂತದಲ್ಲಿ ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೇ ನುಗ್ಗಿ ‘ಕುಂಯ್’ ಎನ್ನುತ್ತದೆ. ಅಲ್ಲಿಂದಾಚೆ ಯಾರ ಕೈಯಲ್ಲೂ ಏನೂ ಇಲ್ಲ. ಇನ್ನು ಮಿಕ್ಸರ್‌ಗೆ ಪೆನ್‌ಡ್ರೈವ್ ಚುಚ್ಚಿ ತೆಗೆದ ರೆಕಾರ್ಡಿಂಗ್: ಅದಕ್ಕೆ ಹೋಗುವುದು ಸ್ಪೀಕರ್‌ಗೆ ಹೋದದ್ದು ಮಾತ್ರ. ದನಿ ಎತ್ತಿದ್ದು, ಡ್ರಮ್ಸ್ ಇಳಿಸಿದ್ದು. ಹಾಲ್ ತುಂಬ ಬಡಿಯುತ್ತಿದ್ದ ಡ್ರಮ್ಸ್ ಆ ಪೆನ್‌ಡ್ರೈವ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಸರಿಯಾದ ರೆಕಾರ್ಡಿಂಗ್ ಸಾಧ್ಯವೇ ಇಲ್ಲವೇ? ಇದೆ. ನನ್ನ ಹತ್ತಿರ ಇರುವ ಬೆಹ್ರಿಂಜರ್ ಎಕ್ಸ್‌ಆರ್18 ದೊಡ್ಡ ಬೆಲೆಯ ಮಿಕ್ಸರ್ ಏನಲ್ಲ. ಅದೂ 18 ಚಾನೆಲ್‌ಗಳನ್ನು (ಒಂದೊಂದು ಮೈಕ್ ಅಥವಾ ವಾದ್ಯಕ್ಕೆ ಒಂದೊಂದು) ಯುಎಸ್‌ಬಿ ಮೂಲಕ ಬೇರೆ ಬೇರೆಯಾಗಿ ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ಫೇಡರ್‌ಗೆ ಮುಂಚೆಯೇ ತೆಗೆದುಕೊಂಡರೆ ಹಾಲ್‌ಗಾಗಿ ನಾನು ಏರಿಸಿ ಇಳಿಸಿದ್ದು ರೆಕಾರ್ಡಿಂಗ್‌ಗೆ ತಾಗುವುದಿಲ್ಲ. 24 ಬಿಟ್, 48 ಕಿಲೊಹರ್ಟ್ಸ್ ಗುಣಮಟ್ಟದಲ್ಲಿ 16 ಚಾನೆಲ್ ಅಂದರೆ ಲ್ಯಾಪ್‌ಟಾಪ್‌ನಲ್ಲಿ ಗಂಟೆಗೆ ಸುಮಾರು 8 ಜಿಬಿ ಜಾಗ ಬೇಕು. ಹಾಲ್‌ಗೆ ಬೇಡವಾದ ಡ್ರಮ್ಸ್ ಮೈಕ್‌ಗಳನ್ನು ರೆಕಾರ್ಡಿಂಗ್‌ಗಾಗಿ ಕಟ್ಟಬೇಕು. ಚಪ್ಪಾಳೆಗೆ, ಹಾಲ್‌ನ ಗುಂಗಿಗೆ ಸಭಿಕರ ಕಡೆ ಇನ್ನೆರಡು ಮೈಕ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, ವೇದಿಕೆಯಿಂದ 12 ಮೀಟರ್ ದೂರದ ಮೈಕ್‌ಗೆ ಅದು ಮುಟ್ಟುವಾಗ 35 ಮಿಲಿಸೆಕೆಂಡ್ ತಡ. ಆ ತಡವನ್ನು ಸರಿಪಡಿಸದೆ ಬೆರೆಸಿದರೆ ಪ್ರತಿ ಪೆಟ್ಟೂ ಮಸುಕು. ಆಮೇಲೆ ಮನೆಯಲ್ಲಿ ಕೂತು ಮಿಕ್ಸ್ ಮಾಡುವ ಕೆಲಸ ಬೇರೆ ಇದೆ. ‘ಹೇಗೂ ಮಿಕ್ಸರ್ ಇದೆಯಲ್ಲ ಸರ್, ಹಾಗೇ ಒಂದು ರೆಕಾರ್ಡಿಂಗ್ ಕೊಟ್ಟುಬಿಡಿ’ ಎನ್ನುವ ಆಯೋಜಕರು ಇದನ್ನು ದಯವಿಟ್ಟು ಓದಬೇಕು.

ಇಷ್ಟಕ್ಕೂ ಬೇಕಾದದ್ದು ಸಮಯ. ಆರು ಗಂಟೆಯ ಕಾರ್ಯಕ್ರಮಕ್ಕೆ ಹಾಲ್‌ನ ಬೀಗ ತೆಗೆಯುವುದು ಐದಕ್ಕೆ. ಅದೇ ಹೊತ್ತಿಗೆ ಬ್ಯಾನರ್ ಕಟ್ಟುವವರು, ದೀಪದ ಕಂಬಕ್ಕೆ ಹೂ ಸುತ್ತುವವರು, ಸ್ವಾಗತ ಗೀತೆಯ ಮಕ್ಕಳು ಎಲ್ಲರೂ ವೇದಿಕೆ ಮೇಲೆ. ಸೌಂಡ್ ಚೆಕ್ ಅಂದರೆ ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಎಂದುಕೊಂಡವರೇ ಬಹಳ. ಅಸಲಿಗೆ ಅದರಲ್ಲಿ ಬಹುಪಾಲು ಮಾತುಕತೆ. ಡ್ರಮ್ಸ್ ಹುಡುಗನಿಗೆ ಸ್ಟಿಕ್ ಬಿಟ್ಟು ಮೆತ್ತಗೆ ನುಡಿಸುವ ಬ್ರಷ್ ಹಿಡಿಯಲು, ಸ್ನೇರ್ ಮೇಲೆ ಟವೆಲ್ ತುಂಡು ಹಾಕಲು ಒಪ್ಪಿಸಬೇಕು. ಗಿಟಾರ್ ನುಡಿಸುವವನ ಆ್ಯಂಪನ್ನು (ಗಿಟಾರ್‌ನ ಸ್ಪೀಕರ್ ಪೆಟ್ಟಿಗೆ) ಅವನ ಮೊಣಕಾಲಿನ ಕಡೆಯಿಂದ ಕಿವಿಯ ಕಡೆಗೆ ಓರೆ ಮಾಡಿದರೆ ಅವನೇ ವಾಲ್ಯೂಮ್ ಇಳಿಸುತ್ತಾನೆ. ಗಾಯಕಿ ಸ್ಟೈಲ್‌ಗೆಂದು ಮೈಕ್‌ನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಹಿಂದಿನ ಸದ್ದನ್ನು ತಡೆಯುವ ಅದರ ಗುಣವೇ ಹೋಗುತ್ತದೆ, ಅದೇ ‘ಕುಂಯ್’ ಕೂಗು ಶುರು. ಮಾನಿಟರ್ ಅಂದರೆ ಹಾಡುವವರಿಗೆ, ನುಡಿಸುವವರಿಗೇ ಕೇಳಲೆಂದು ವೇದಿಕೆ ಮೇಲೆ ಇಡುವ ಸ್ಪೀಕರ್. ‘ಅಣ್ಣಾ, ಮಾನಿಟರ್ ಸ್ವಲ್ಪ ಜಾಸ್ತಿ’ ಎನ್ನುವ ಪ್ರತಿಯೊಬ್ಬನಿಗೂ, ಇನ್ನೊಬ್ಬನ ಮಾನಿಟರ್ ಇಳಿಸಿದರೆ ನಿನ್ನದು ತಾನಾಗಿ ಕೇಳಿಸುತ್ತದೆ ಎಂದು ತಿಳಿಸಿ ಹೇಳಬೇಕು. ಸಭಿಕರು ಕೂತ ಮೇಲೆ ಇದ್ಯಾವುದೂ ಆಗುವ ಮಾತಲ್ಲ.

ಕರೆಂಟಿನದು ಇನ್ನೊಂದು ಕಥೆ. ಲೈಟಿನ ಡಿಮ್ಮರ್‌ಗೂ ಸೌಂಡಿಗೂ ಒಂದೇ ಲೈನ್ ಕೊಟ್ಟರೆ ಸ್ಪೀಕರ್ ಗುಂಯ್‌ಗುಡುತ್ತದೆ. ಅದನ್ನು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥ್ ಪಿನ್ ಮುರಿದು ಹಾಕಿದ್ದನ್ನು ಒಂದು ಹಾಲ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ. ಗಿಟಾರ್ ಹಿಡಿದವನ ತುಟಿ ಮೈಕ್‌ಗೆ ತಾಗಿದರೆ ಪ್ರಾಣಕ್ಕೇ ಕುತ್ತು. ಸೌಂಡಿನ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಕಡೆಯಿಂದ ಕರೆಂಟ್ ಕೊಟ್ಟು, ಗಿಟಾರ್, ಕೀಬೋರ್ಡ್‌ಗಳಿಗೆ ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಹಾಕಿದರೆ ಬಹುತೇಕ ಗುಂಯ್ ನಿಲ್ಲುತ್ತದೆ. ಅರ್ಥಿಂಗ್ ಮಾತ್ರ ಮುಟ್ಟಕೂಡದು.

ಶಬ್ದಮಾಲಿನ್ಯ ನಿಯಮ (2000) ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದೆ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದ್ದರೂ ನಮ್ಮ ಸಣ್ಣ ಹಾಲ್‌ಗಳ ಕಿಟಕಿ ಬಾಗಿಲು ಸೆಖೆಗೆ ತೆರೆದೇ ಇರುತ್ತವೆ, ಪಕ್ಕದಲ್ಲೇ ಮನೆಗಳು. ಹತ್ತಕ್ಕೆ ನಿಲ್ಲಿಸಬೇಕು, ಅದು ನ್ಯಾಯವೇ. ಆದರೆ ಭಾಷಣ ಎಂಟೂವರೆವರೆಗೆ ಎಳೆದರೆ ಕತ್ತರಿ ಬೀಳುವುದು ಹಾಡಿಗೆ. ಅಧ್ಯಕ್ಷೀಯ ನುಡಿಯನ್ನು ಕತ್ತರಿಸಿದ್ದನ್ನು ನಾನಂತೂ ಕಂಡಿಲ್ಲ.

ಹಾಲ್ ಬಾಡಿಗೆಗೆ ಕೊಡುವ ಸಂಘ, ಟ್ರಸ್ಟ್, ಇಲಾಖೆಯವರಲ್ಲಿ ನನ್ನ ಕೋರಿಕೆ: ಸಂಗೀತ ಕಾರ್ಯಕ್ರಮವಾದರೆ ರಸೀದಿಯಲ್ಲೇ ‘ಮಧ್ಯಾಹ್ನ 2ರಿಂದ’ ಎಂದು ಬರೆಯಿರಿ. ಆ ಹೊತ್ತಿಗೆ ಎಸಿ ಬೇಡ, ವೇದಿಕೆಯ ಲೈಟ್ ಬೇಡ, ಅರ್ಧ ಬಾಡಿಗೆ ಹಾಕಿದರೂ ಆಯೋಜಕರಿಗೆ ಹೇಳಿ ಒಪ್ಪಿಸುತ್ತೇವೆ. ಮಿಕ್ಸರ್‌ನ ಮೇಜು ಸೈಡ್‌ವಿಂಗ್‌ನ ಪರದೆ ಹಿಂದೆ ಬೇಡ, ಸಭಿಕರ ನಡುವೆ ನಾಲ್ಕು ಕುರ್ಚಿ ತೆಗೆದು ಅಲ್ಲಿ ಹಾಕಿಕೊಡಿ. ಜನ ಕೇಳುವುದನ್ನೇ ನಾವೂ ಕೇಳಬೇಕಲ್ಲವೇ? ಭಾಷಣಕ್ಕೆ ಬೇರೆಯೇ ಮೈಕ್ ಇಡುತ್ತೇವೆ. ಮುಖ್ಯ ಅತಿಥಿಗಳು ಅದನ್ನು ಎಷ್ಟು ಬೇಕಾದರೂ ಬಡಿದು ನೋಡಲಿ, ಹಾಡುವವರ ಮೈಕ್ ಮುಟ್ಟದಿದ್ದರೆ ಸಾಕು.

ಇತಿ,
ಲೈವ್ ಸೌಂಡ್ ಕೆಲಸಗಾರ, ಶಿವಮೊಗ್ಗ