ನಾಲ್ಕು ಸಭೆಗಳ ಒಂದು ಉಗ್ರಾಣ: ಗೆಳೆಯನಿಗೊಂದು ಪತ್ರ

ಆಕ್ರನ್, ಒಹಾಯೊ

ಪ್ರಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಮೂರು ವಾರಗಳಾದವು. ಅಮ್ಮನನ್ನು ನೋಡಿ ಬಂದು, ಅವರ ಮೊಣಕಾಲು ನೋವಿನ ಸಮಾಚಾರವನ್ನು ಅಷ್ಟು ವಿವರವಾಗಿ ಬರೆದ ನಿನ್ನ ಉಪಕಾರವನ್ನು ಮೊದಲು ನೆನೆಯುತ್ತೇನೆ. ಬೇರೆ ಬೇರೆ ಪಂಗಡದ ನಾಲ್ಕು ಕ್ರೈಸ್ತ ಸಭೆಗಳು ಒಂದಾಗಿ ಇಲ್ಲಿ ದಿನಸಿ ಹಂಚುವುದು ಹೇಗೆ ಸಾಧ್ಯವಾಯಿತು ಎಂದು ಪತ್ರದ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯದು ಎನ್ನಿಸಿದ್ದರಿಂದ ಬರೆಯಲು ಕುಳಿತೆ. ನಿಮ್ಮ ಇಗರ್ಜಿಯವರೂ ನಮ್ಮ ದೇವಾಲಯದವರೂ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳ ತಟ್ಟೆಯನ್ನು ಬಿಟ್ಟು ಬೇರೆ ಏನನ್ನೂ ಹಂಚಿಕೊಂಡದ್ದನ್ನು ಕಾಣದೆ ಬೆಳೆದ ನಮಗೆ, ಕೆಥೊಲಿಕರು, ಲೂಥರನರು, ಬ್ಯಾಪ್ಟಿಸ್ಟರು, ಮೆಥೊಡಿಸ್ಟರು ಒಂದೇ ಸೂರಿನಡಿಯಲ್ಲಿ ನಿಂತು ಹಸಿದವರಿಗೆ ದಿನಸಿ ಕೊಡುತ್ತಾರೆಂದರೆ ಆಶ್ಚರ್ಯವಾಗುವುದು ಸಹಜ. ಪ್ರೀತಿಯಿಂದ ಒಂದಾದರು ಎಂದು ಬರೆದರೆ ನಿನಗೆ ಸಂತೋಷವಾದೀತು, ಆದರೆ ಅದು ಸುಳ್ಳಾಗುತ್ತದೆ. ಕೈಲಾಗದೆ ಒಂದಾದರು.

ಹೆಸರಿನ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಫುಡ್ ಬ್ಯಾಂಕ್ ಬೇರೆ, ಫುಡ್ ಪ್ಯಾಂಟ್ರಿ ಬೇರೆ. ಬ್ಯಾಂಕ್ ಎಂದರೆ ಲಾರಿಗಟ್ಟಲೆ ಸಾಮಾನು ಬಂದಿಳಿಯುವ ದೊಡ್ಡ ಗೋದಾಮು. ನಮ್ಮ ಭಾಗದ ಎಂಟು ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥವಕ್ಕೆ, ಆಕ್ರನ್-ಕ್ಯಾಂಟನ್ ಪ್ರಾದೇಶಿಕ ಫುಡ್ ಬ್ಯಾಂಕ್ ಅಂಥದ್ದು. ಪ್ಯಾಂಟ್ರಿ ಎಂದರೆ ಕೇರಿಯ ಜನ ಚೀಲ ಹಿಡಿದು ಬರುವ ಜಾಗ. ನಾನಂತೂ ಅದನ್ನು ಉಗ್ರಾಣ ಎಂದೇ ಕರೆಯುತ್ತೇನೆ. ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು, ಬೆಲ್ಲದ ಅಚ್ಚುಗಳನ್ನು ಎಣಿಸಿ ಎಣಿಸಿ ಕೊಡುತ್ತಿದ್ದ ನಿನ್ನ ದೊಡ್ಡಮಾವನಂಥವರು ಇಲ್ಲಿಯೂ ಒಬ್ಬರಿದ್ದಾರೆ, ಕಡಲೆಕಾಯಿ ಬೆಣ್ಣೆಯ ಬಾಟಲಿಗಳ ಲೆಕ್ಕವೆಲ್ಲ ಅವರ ತಲೆಯಲ್ಲಿಯೇ ಇರುತ್ತದೆ.

ಈ ಏರ್ಪಾಡಿನ ಮೂಲವೂ ದೇವಾಲಯದ ಅಂಗಳದಲ್ಲಿಯೇ ಇದೆ. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾಲ್ ಎಂಬ ಕೆಥೊಲಿಕ್ ಸೇವಾಸಂಸ್ಥೆಯ ಊಟದ ಮನೆಯಲ್ಲಿ ದುಡಿಯುತ್ತಿದ್ದ ಜಾನ್ ವ್ಯಾನ್ ಹೆಂಗೆಲ್, ಅಂಗಡಿಗಳ ಹಿಂದಿನ ತೊಟ್ಟಿಗಳಿಂದ ಆಯ್ದು ತಂದು ಹತ್ತು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳನ್ನು ಕಂಡ ಮೇಲೆ, ಅಂಗಡಿಯವರು ಎಸೆಯುವ ಒಳ್ಳೆಯ ಆಹಾರವನ್ನು ಒಂದೆಡೆ ಜಮಾ ಮಾಡುವ ಯೋಚನೆ ಮಾಡಿದರು. ಅಲ್ಲಿಯ ಸೇಂಟ್ ಮೇರೀಸ್ ಇಗರ್ಜಿಯವರು ಪಾಳುಬಿದ್ದಿದ್ದ ತಮ್ಮದೊಂದು ಕಟ್ಟಡವನ್ನು ಬಿಟ್ಟುಕೊಟ್ಟರು. 1967ರಲ್ಲಿ ಹೀಗೆ ಆರಂಭವಾದದ್ದೇ ಮೊದಲ ಫುಡ್ ಬ್ಯಾಂಕ್. ಒಳ್ಳೆಯ ಮನಸ್ಸಿನಿಂದ ಆಹಾರ ಕೊಟ್ಟವರ ಮೇಲೆ ಮೊಕದ್ದಮೆ ಹೂಡದಂತೆ ರಕ್ಷಣೆ ನೀಡುವ ಕಾಯಿದೆ 1996ರಲ್ಲಿ ಬಂದ ಮೇಲೆ, ದೊಡ್ಡ ಅಂಗಡಿಗಳ ಅಂಜಿಕೆಯೂ ಕಡಿಮೆಯಾಯಿತು.

ಇನ್ನು ನಮ್ಮ ಕೇರಿ. ಗುಡ್‌ಇಯರ್, ಫೈರ್‌ಸ್ಟೋನ್ ಕಂಪನಿಗಳು ಹುಟ್ಟಿದ ಈ ಟಯರಿನ ಊರಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡಾಗ ಕೂಲಿ ಹೋದದ್ದಷ್ಟೇ ಅಲ್ಲ, ದೇವಾಲಯಗಳ ಬೆಂಚುಗಳೂ ಬರಿದಾದವು. ನಾಲ್ಕು ಸಭೆಗಳಿಗೂ ತಮ್ಮ ತಮ್ಮ ನೆಲಮಾಳಿಗೆಯಲ್ಲಿ ಒಂದೊಂದು ಕಪಾಟಿತ್ತು. ಕೆಥೊಲಿಕರದು ಮಂಗಳವಾರ ತೆರೆಯುತ್ತಿತ್ತು; ಲೂಥರನರದು ತಿಂಗಳಿಗೊಮ್ಮೆ; ಬ್ಯಾಪ್ಟಿಸ್ಟರದು, ಪಾಸ್ಟರರ ಹೆಂಡತಿ ಊರಲ್ಲಿದ್ದ ದಿನ. ಬಸ್ಸಿನಲ್ಲಿ ಓಡಾಡುವ ಬಡವನೊಬ್ಬ ಈ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಬೇಕಿತ್ತು. ಡಬ್ಬಿ ಎತ್ತುವ ಕೈಗಳೆಲ್ಲ ಎಪ್ಪತ್ತು ದಾಟಿದವು. ಲೂಥರನರ ಹತ್ತಿರ ದೊಡ್ಡ ಫ್ರೀಜರ್ ಇತ್ತು, ಅದರಲ್ಲಿಡಲು ಮಾಂಸವಿರಲಿಲ್ಲ. ಬ್ಯಾಪ್ಟಿಸ್ಟರ ಹತ್ತಿರ ಪಿಕಪ್ ಟ್ರಕ್ಕಿತ್ತು, ಓಡಿಸುವವರಿರಲಿಲ್ಲ. ಕೆಥೊಲಿಕರಲ್ಲಿ ಜನವಿದ್ದರೂ ಅವರ ನೆಲಮಾಳಿಗೆಗೆ ಇಳಿಯಲು ಹದಿನಾಲ್ಕು ಮೆಟ್ಟಿಲು. ಲಾರಿ ಹಿಮ್ಮುಖವಾಗಿ ಬಂದು ಬಾಗಿಲಿಗೇ ನಿಲ್ಲುವಂಥ ಜಾಗವಿದ್ದದ್ದು ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಹಳೆಯ ಸಭಾಂಗಣಕ್ಕೆ ಮಾತ್ರ. ಉಗ್ರಾಣ ಅಲ್ಲಿಯೇ ನೆಲೆಯಾಯಿತು.

ಈ ಕೊನೆಯ ಸಭೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಫಿಲಡೆಲ್ಫಿಯಾದ ಬಿಳಿಯರ ಮೆಥೊಡಿಸ್ಟ್ ದೇವಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕರಿಯರನ್ನು ಎಬ್ಬಿಸಿ ಎಳೆದಾಗ, ರಿಚರ್ಡ್ ಆಲನ್ ಮತ್ತು ಸಂಗಡಿಗರು ಒಟ್ಟಾಗಿ ಹೊರನಡೆದರು. ಅವರು 1816ರಲ್ಲಿ ಕಟ್ಟಿದ ಸಭೆ ಇದು. ತಮ್ಮ ಸಭಾಂಗಣಕ್ಕೆ ಬಿಳಿಯರ ಮೂರು ಸಭೆಗಳು ಸಾಮಾನು ಹೊತ್ತು ಬರುವ ವಿಚಾರ ಮೊದಲ ಕೂಟದಲ್ಲಿ ಬಂದಾಗ, ಅಲ್ಲಿಯ ಹಿರಿಯಮ್ಮ ಒಬ್ಬರು ಬಹಳ ಹೊತ್ತು ಸುಮ್ಮನಿದ್ದು, ಬಾಡಿಗೆ ಬೇಡ, ಆದರೆ ಬೀಗದ ಕೈ ನಮ್ಮಲ್ಲಿರಬೇಕು ಎಂದರು. ಆ ಬೀಗದ ಕೈಯ ಮೇಲೆ ಎರಡು ತಿಂಗಳು ವಾದ ನಡೆಯಿತು. ಕೊನೆಗೆ ಸಭೆಗೊಂದರಂತೆ ನಾಲ್ಕು ಕೈಗಳಾದವು, ಆದರೆ ಯಾರು ಯಾವಾಗ ತೆರೆದರೆಂದು ಬರೆದಿಡುವ ಪುಸ್ತಕ ಮಾತ್ರ ಆ ಅಮ್ಮನ ವಶದಲ್ಲಿದೆ. ಅವರು ಕೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಹಲವು ಪ್ರೊಟೆಸ್ಟಂಟ್ ಪಂಗಡಗಳು ಸೇರಿ ಆದ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯ ಕಥೆ ನಿನಗೂ ಗೊತ್ತು. 1919ರಲ್ಲಿ ತರಂಗಂಬಾಡಿಯಲ್ಲಿ ತೊಡಗಿದ ಐಕ್ಯದ ಮಾತುಕತೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಕೊನೆಗಂಡಿತು. ಬಿಷಪರ ಅಧಿಕಾರ, ಪಾದ್ರಿಗಳ ದೀಕ್ಷೆ ಎಂಬ ಗಂಟುಗಳನ್ನು ಬಿಡಿಸಲು 28 ವರ್ಷ ಬೇಕಾಯಿತು. ಇಲ್ಲಿ ಆ ಗಂಟುಗಳನ್ನು ಯಾರೂ ಮುಟ್ಟಲೇ ಇಲ್ಲ. ದೀಕ್ಷಾಸ್ನಾನ ಶಿಶುಗಳಿಗೋ ದೊಡ್ಡವರಿಗೋ, ಆರಾಧನೆಯಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಯಾರು ಬರಬಹುದು ಎಂಬುದೆಲ್ಲ ಹಾಗೆಯೇ ಇದೆ. ಶನಿವಾರ ಒಂದೇ ಮೇಜಿನಲ್ಲಿ ಆಲೂಗಡ್ಡೆ ಆರಿಸುವವರು ಭಾನುವಾರ ಒಂದೇ ಮೇಜಿನಿಂದ ರೊಟ್ಟಿ ತೆಗೆದುಕೊಳ್ಳುವಂತಿಲ್ಲ. ನಾನು ಇದನ್ನು ಒಮ್ಮೆ ಕೆಥೊಲಿಕರ ಫಾದರ್ ಮುಂದೆ ಹೇಳಿದಾಗ ಅವರು ಉತ್ತರ ಕೊಡದೆ ಆಲೂಗಡ್ಡೆಯ ಕಣ್ಣು ಕೀಳುತ್ತಲೇ ಇದ್ದರು.

ಜಗಳವಾದದ್ದು ಗೋಡೆಯ ಮೇಲೆ ಹಾಕಬೇಕಾದ ಬೈಬಲ್ ವಚನಕ್ಕೆ. ಹಸಿದವರಿಗೆ ಊಟ ಕೊಡುವ ಮಾತಿರುವ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವೆಂಬುದರಲ್ಲಿ ಎಲ್ಲರೂ ಒಮ್ಮತದಿಂದಿದ್ದರು; ಯಾವ ಭಾಷಾಂತರ ಎಂಬಲ್ಲಿ ಕೂಟ ಮುರಿದುಬಿತ್ತು. ಜೊತೆಗೆ, ಸಾಲಿನಲ್ಲಿ ನಿಂತವರೊಂದಿಗೆ ಪ್ರಾರ್ಥನೆ ಮಾಡಿದ ಮೇಲೆಯೇ ಚೀಲ ಕೊಡಬೇಕೆಂದು ಬ್ಯಾಪ್ಟಿಸ್ಟ್ ಹಿರಿಯರೊಬ್ಬರ ಹಟ. ಇದನ್ನು ಬಗೆಹರಿಸಿದ್ದು ಸರಕಾರ. ಕೇಂದ್ರದ ಕೃಷಿ ಇಲಾಖೆಯಿಂದ ಬರುವ ದಿನಸಿಯನ್ನು ಹಂಚುವವರು ಅದಕ್ಕೆ ಪ್ರಾರ್ಥನೆಯ ಷರತ್ತು ಹಾಕುವಂತಿಲ್ಲ, ಮತ್ತು ಭೇದಭಾವ ಮಾಡುವುದಿಲ್ಲವೆಂದು ಸಾರುವ ಇಲಾಖೆಯ ಭಿತ್ತಿಪತ್ರವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಲೇಬೇಕು. ಹೀಗಾಗಿ ನಾಲ್ಕು ಸಭೆಗಳ ಉಗ್ರಾಣದ ಗೋಡೆಯಲ್ಲಿ ಇಂದಿಗೂ ಇರುವ ಬರಹ ಅದೊಂದೇ. ಬೇಕೆಂದವರಿಗೆ ಪ್ರಾರ್ಥಿಸಲು ಪಕ್ಕದ ಕೋಣೆಯಲ್ಲಿ ಎರಡು ಕುರ್ಚಿಗಳಿವೆ; ಆ ಹಿರಿಯರು ಅಲ್ಲಿ ಕುಳಿತಿರುತ್ತಾರೆ, ಕೆಲವರು ಹೋಗುತ್ತಾರೆ ಕೂಡ.

ಮೊದಲ ವರ್ಷ ನಾವು ಚೀಲಗಳನ್ನು ಮುಂಚಿತವಾಗಿಯೇ ತುಂಬಿಡುತ್ತಿದ್ದೆವು. ಎಲ್ಲರಿಗೂ ಒಂದೇ ಪಡಿ: ಚೀಸಿನ ಪುಡಿಯಿರುವ ಮ್ಯಾಕರೋನಿ ಪೊಟ್ಟಣ, ಬೀನ್ಸ್ ಡಬ್ಬಿ, ಟ್ಯೂನಾ ಮೀನು, ಯಾರ ಮನೆಯಲ್ಲಿಯೋ ತಿನ್ನದೆ ಉಳಿದು ಇಲ್ಲಿಗೆ ಬಂದ ಕ್ರ್ಯಾನ್‌ಬೆರಿ. ಒಂದು ಶನಿವಾರ ಮನೆಗೆ ಹೊರಟಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಮ್ಯಾಕರೋನಿ ಪೊಟ್ಟಣಗಳನ್ನು ಯಾರೋ ಒಂದರ ಮೇಲೊಂದು ನೇರವಾಗಿ ಜೋಡಿಸಿಟ್ಟಿದ್ದನ್ನು ಕಂಡೆ. ಎಸೆದದ್ದಲ್ಲ, ಬೇರೆ ಯಾರಾದರೂ ತೆಗೆದುಕೊಳ್ಳಲಿ ಎಂದು ಇಟ್ಟದ್ದು. 2008ರ ಅನಂತರ ಭೂತಾನಿನ ನೇಪಾಳಿ ನಿರಾಶ್ರಿತರು ಈ ನಗರಕ್ಕೆ ಬಹಳ ಮಂದಿ ಬಂದಿದ್ದಾರೆ, ಅವರ ಅಜ್ಜಿಯಂದಿರು ಚೀಸಿನ ಪುಡಿಯನ್ನು ಏನು ಮಾಡಬೇಕು? ಅಂದಿನಿಂದ ಚೀಲ ತುಂಬುವುದನ್ನು ಬಿಟ್ಟು, ಕಪಾಟುಗಳನ್ನು ಅಂಗಡಿಯಂತೆ ಸಾಲಾಗಿಟ್ಟು, ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲು ಬಿಟ್ಟೆವು. ಎಲ್ಲ ತರಕಾರಿಯನ್ನೂ ಮೊದಲು ಬಂದವರೇ ಒಯ್ದಾರು ಎಂದು ನಾಲ್ಕೂ ಸಭೆಯವರು ಹೆದರಿದ್ದರು, ಹಾಗೇನೂ ಆಗಲಿಲ್ಲ. ಮಸೂರ ಬೇಳೆಯ ಪೊಟ್ಟಣವನ್ನು ಕಂಡ ಅಜ್ಜಿಯೊಬ್ಬರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ನನ್ನ ಮುಖ ನೋಡಿ ನಕ್ಕರು. ನಮ್ಮ ಅಜ್ಜಿ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ತೆಗೆದು ದೇವಾಲಯದ ಡಬ್ಬಿಗೆ ಹಾಕುತ್ತಿದ್ದಾಗ, ಅದು ಸೇರುವ ಮನೆಯವರಿಗೆ ಬೇಕಾದದ್ದು ಕುಚ್ಚಲೋ ಬೆಳ್ತಿಗೆಯೋ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಇಷ್ಟೆಲ್ಲ ಓದಿ ನೀನು ದೊಡ್ಡ ಸಾಧನೆಯೆಂದು ತಿಳಿಯಬಾರದು. ಕೇಂದ್ರ ಸರಕಾರದ ಕೆಲಸಗಳು ಸ್ಥಗಿತಗೊಂಡು, 2025ರ ನವೆಂಬರಿನಲ್ಲಿ ಬಡವರಿಗೆ ದಿನಸಿ ಕೊಳ್ಳಲು ಕೊಡುವ ಸ್ನ್ಯಾಪ್ ನೆರವು ತಡವಾದಾಗ, ನಮ್ಮ ಸಾಲು ರಸ್ತೆಯ ತಿರುವನ್ನು ದಾಟಿತು. ಹನ್ನೊಂದು ಗಂಟೆಗೆ ಮುಚ್ಚಬೇಕಾದ ಬಾಗಿಲನ್ನು ಒಂಬತ್ತೂವರೆಗೇ ಮುಚ್ಚಿದೆವು, ಏಕೆಂದರೆ ಒಳಗೆ ಸಾಸಿವೆಯ ಸಾಸ್ ಬಿಟ್ಟರೆ ಏನೂ ಉಳಿದಿರಲಿಲ್ಲ. ಫುಡ್ ಬ್ಯಾಂಕುಗಳು ಒಂದು ಊಟ ಕೊಟ್ಟರೆ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆಂದು ಫುಡ್ ಬ್ಯಾಂಕುಗಳ ಒಕ್ಕೂಟವಾದ ಫೀಡಿಂಗ್ ಅಮೆರಿಕಾ ಸಂಸ್ಥೆಯವರೇ ಹೇಳುತ್ತಾರೆ. ಆ ಒಂಬತ್ತರ ಜಾಗವನ್ನು ನಾಲ್ಕಲ್ಲ, ನಲವತ್ತು ಸಭೆಗಳು ಸೇರಿದರೂ ತುಂಬಲಾರವು. ಸ್ನ್ಯಾಪ್ ಹಣದಿಂದ ಸೋಪು, ಮಕ್ಕಳ ಡೈಪರ್ ಕೊಳ್ಳುವಂತಿಲ್ಲ. ನಮ್ಮ ಚಂದಾ ಹಣದ ಬಹುಪಾಲು ಅವುಗಳಿಗೇ ಹೋಗುತ್ತದೆ, ನಾವು ನಿಜವಾಗಿ ಒದಗುವುದೂ ಅಲ್ಲಿಯೇ.

ನಿಮ್ಮ ಬೀದಿಯಲ್ಲಿಯೂ ಎರಡು ಸಭೆಗಳು ಸೇರಿ ಇಂಥದ್ದೊಂದನ್ನು ನಡೆಸಬಹುದೇ ಎಂದು ಕೇಳಿದ್ದೀಯ. ಪಡಿತರ ಚೀಟಿ ಇರುವವರಿಗೆ ಅಕ್ಕಿ ಸಿಗುವ ನಮ್ಮೂರಿನಲ್ಲಿ ಕೊರತೆ ಯಾವುದರದು, ಚೀಟಿಯೇ ಇಲ್ಲದವರು ಯಾರು ಎಂಬುದನ್ನು ಮೊದಲು ಮನೆಮನೆಗೆ ಹೋಗಿ ತಿಳಿದುಕೋ. ಉದ್ಘಾಟನೆಗೆ ಬಿಷಪರನ್ನೂ ಅಯ್ಯನವರನ್ನೂ ಕರೆಯುವ ಮೊದಲು, ಟೆಂಪೋ ಎಲ್ಲಿ ನಿಲ್ಲುತ್ತದೆ, ಬೀಗದ ಕೈ ಯಾರಲ್ಲಿರುತ್ತದೆ ಎಂಬುದನ್ನು ಬರೆದು ಸಹಿ ಹಾಕಿಸು.

ನಾಳೆ ತೆರೆಯುವ ಸರದಿ ನನ್ನದು, ಏಳಕ್ಕೆ ಲಾರಿ ಬರುತ್ತದೆ. ಅಮ್ಮನಿಗೆ ಎಣ್ಣೆಯ ಡಬ್ಬಿ ಮುಟ್ಟಿತೇ ಎಂದು ಒಂದು ಮಾತು ಕೇಳಿ ತಿಳಿಸು.

ನಿನ್ನ ಗೆಳೆಯ